ಮೊದಲು ಮುಂದಿನ ಚಕ್ರ ನೋಡು

ಪುಟ್ಟಿ, ಮಳೆ ಹಿಡಿಯಿತು ಅಂತ ಸೈಕಲ್ಲನ್ನು ಗೋಡೆಗೆ ಒರಗಿಸಿಬಿಡಬೇಡ. ಬೆಂಗಳೂರಿನಲ್ಲಿ ಮೇ ತಿಂಗಳ ಸಂಜೆಗಳಿಂದಲೇ ಮಳೆ ಶುರುವಾಗುತ್ತೆ, ಸೆಪ್ಟೆಂಬರ್, ಅಕ್ಟೋಬರಿನಲ್ಲಂತೂ ಹಗಲು ರಾತ್ರಿ ಅನ್ನದೆ ಹುಯ್ಯುತ್ತೆ. ಮಳೆಗಾಲ ಮುಗಿಯಲಿ ಅಂತ ಕಾದರೆ ವರ್ಷದಲ್ಲಿ ಅರ್ಧಭಾಗ ಬಸ್ಸೇ ಗತಿ. ಮೇಲಿಂದ ಬೀಳುವ ನೀರಿಗೆ ನಿನ್ನ ಹತ್ತಿರ ಜಾಕೆಟ್ ಇದೆ. ರಸ್ತೆಯಿಂದ ಮೇಲಕ್ಕೆ ಏಳುವ ನೀರಿಗೆ ಮಡ್‌ಗಾರ್ಡೇ ಬೇಕು.

ರೋಡ್ ಬೈಕಿಗೆ ಮಡ್‌ಗಾರ್ಡ್ ಕೂರಲ್ಲ ಅಂತ ಯಾರೋ ನಿನಗೆ ಹೇಳಿದ್ದಾರೆ. ಆ ಮಾತಿಗೆ ಕಾರಣ ಇಲ್ಲದಿಲ್ಲ. ನಮ್ಮ ಕಾಲದ ಹೀರೋ, ಅಟ್ಲಾಸ್, ಬಿಎಸ್‌ಎ ಸೈಕಲ್ಲುಗಳು ಕಾರ್ಖಾನೆಯಿಂದಲೇ ಕಬ್ಬಿಣದ ಮಡ್‌ಗಾರ್ಡ್ ಹಾಕಿಸಿಕೊಂಡು ಬರುತ್ತಿದ್ದವು. ಟೈರಿಗೂ ತಗಡಿಗೂ ನಡುವೆ ಬೆರಳು ತೂರುವಷ್ಟು ಜಾಗ ಇರುತ್ತಿತ್ತು, ತುದಿಗೆ ಒಂದು ರಬ್ಬರ್ ಫ್ಲ್ಯಾಪ್ ನೇತಾಡುತ್ತಿತ್ತು. ನಿನ್ನದು ರೇಸಿಗೆಂದು ಮಾಡಿದ ಫ್ರೇಮು. ಬ್ರೇಕಿನ ಕಮಾನು ಟೈರಿನ ತಲೆಗೆ ಅಂಟಿಕೊಂಡಂತೆ ಕೂತಿದೆ, ಫೋರ್ಕಿನಲ್ಲಿ ಮಡ್‌ಗಾರ್ಡಿನ ಕಂಬಿ ಸಿಕ್ಕಿಸುವ ತೂತೂ ಇಲ್ಲ. ಆದರೂ ದಾರಿ ಇದೆ. ಎಷ್ಟು ಜಾಗ ಇದೆ ಅಂತ ಅಳೆದು, ಇರುವಷ್ಟರಲ್ಲೇ ಹೊಂದಿಸಬೇಕು, ಅಷ್ಟೇ. ಒತ್ತಾಯ ಮಾಡಿ ತುರುಕಿದರೆ ಅದು ಮಡ್‌ಗಾರ್ಡ್ ಇಲ್ಲದ್ದಕ್ಕಿಂತ ಅಪಾಯ.

ಎಲ್ಲರೂ ಮೊದಲು ಹಿಂದಿನ ಚಕ್ರಕ್ಕೆ ಹಾಕಿಸುತ್ತಾರೆ. ಬೆನ್ನಿನ ಮೇಲೆ ಕೆಸರಿನ ಪಟ್ಟೆ ಬಿದ್ದು ಆಫೀಸಿನಲ್ಲಿ ನಾಚಿಕೆ ಆಗುತ್ತಲ್ಲ, ಅದಕ್ಕೆ. ನಾನು ಹೇಳುವುದು ಮುಂದಿನದಕ್ಕೆ ಮೊದಲು ಹಾಕು ಅಂತ. ಒದ್ದೆ ರಸ್ತೆಯಲ್ಲಿ ಹೋಗುವಾಗ ನಿನ್ನ ಶೂಗಳನ್ನು ಗಮನಿಸು. ಅವನ್ನು ತೋಯಿಸುವುದು ಆಕಾಶದ ಮಳೆಗಿಂತ ಹೆಚ್ಚಾಗಿ ಮುಂದಿನ ಚಕ್ರ. ಟೈರಿನ ಹಿಂಬದಿಯಿಂದ ಹಾರುವ ನೀರು ನೇರವಾಗಿ ಪಾದ, ಚೈನು, ಪೆಡಲ್ ಕೂರುವ ಬೇರಿಂಗು, ನೀರಿನ ಬಾಟಲಿಯ ಬಾಯಿ, ಇಷ್ಟಕ್ಕೂ ಹೊಡೆಯುತ್ತೆ. ಮೇಲಕ್ಕೆ ಹಾರಿದ್ದು ಫೋರ್ಕಿನ ಮೇಲ್ತುದಿಯಲ್ಲಿ ಸೇರಿಕೊಂಡು ಹ್ಯಾಂಡಲ್ಲಿನ ಕೆಳಗಿನ ಬಾಲ್ ಬೇರಿಂಗನ್ನು ತುಕ್ಕು ಹಿಡಿಸುತ್ತೆ. ಮಳೆಗಾಲ ಕಳೆಯುವಷ್ಟರಲ್ಲಿ ಹ್ಯಾಂಡಲ್ ಕಟಕಟ ಅನ್ನುವುದು ಬಹಳ ಸಲ ಇದರಿಂದಲೇ. ಬಾಟಲಿಯ ಬಾಯಿಯ ವಿಷಯವನ್ನು ಹಗುರವಾಗಿ ತಗೋಬೇಡ. ನಮ್ಮ ಊರಿನಲ್ಲಿ ಜೋರು ಮಳೆ ಬಂದರೆ ಮೋರಿಯೂ ರಸ್ತೆಯೂ ಒಂದೇ. ಇಲಿ ಮೂತ್ರ ಸೇರಿದ ನೀರಿನಿಂದಲೇ ಇಲಿಜ್ವರ ಬರುವುದು. ಅಂಥ ನೀರು ಚಿಮ್ಮಿದ ಬಾಟಲಿಗೆ ಬಾಯಿ ಹಚ್ಚಬಾರದು. ಮುಚ್ಚಳ ಇರುವ ಬಾಟಲಿ ಕೊಂಡುಕೋ.

ಈಗ ಅಳತೆ. ಇದಕ್ಕೆ ನಿನ್ನ ಟೂಲ್ ಕಿಟ್ಟಿನಲ್ಲಿರುವ ಅಲೆನ್ ಕೀಗಳು ಸಾಕು. ಟೈರಿಗೆ ಪೂರ್ತಿ ಗಾಳಿ ಹೊಡೆ. ಮೆತ್ತಗಿನ ಟೈರಿನಲ್ಲಿ ತೆಗೆದ ಅಳತೆ ಸುಳ್ಳು ಹೇಳುತ್ತೆ. ಆಮೇಲೆ 8 ಎಂಎಂ ಅಲೆನ್ ಕೀಯನ್ನು ಟೈರಿನ ತಲೆಗೂ ಬ್ರೇಕಿನ ತಳಕ್ಕೂ ನಡುವೆ ತೂರಿಸು. ಸಲೀಸಾಗಿ ಹೋದರೆ ಕಡಿಮೆ ಅಗಲದ ಉದ್ದ ಮಡ್‌ಗಾರ್ಡ್ ಅಲ್ಲಿ ಕೂರಬಹುದು. ಪ್ಲಾಸ್ಟಿಕ್ಕಿನ ದಪ್ಪ, ಬೋಲ್ಟಿನ ತಲೆ ಎಲ್ಲ ಸೇರಿ ಎರಡು ಮೂರು ಎಂಎಂ ತಿನ್ನುತ್ತೆ, ಉಳಿದ ಐದು ಟೈರಿಗೆ ಉಸಿರಾಡಲು. 8ರ ಕೀ ಹೋಗದೆ 5ರದ್ದು ಹೋಯಿತು ಅಂದರೆ ಮಡ್‌ಗಾರ್ಡನ್ನು ಬ್ರೇಕಿನ ಕೆಳಗೆ ತೂರಿಸುವ ಆಸೆ ಬಿಟ್ಟು, ಅಲ್ಲಿ ಕತ್ತರಿಸಿ ಎರಡು ತುಂಡು ಮಾಡಬೇಕು. 4ರದ್ದೂ ಹೋಗುವುದಿಲ್ಲ ಅನ್ನುವುದಾದರೆ ಮಡ್‌ಗಾರ್ಡಿನ ಮಾತು ಆಮೇಲೆ, ಮೊದಲು ಟೈರು ಬದಲಿಸು. ಇದೇ ಪರೀಕ್ಷೆಯನ್ನು ಹಿಂದಿನ ಬ್ರೇಕಿನ ಕೆಳಗೆ, ಸೀಟಿನ ಪೈಪಿಗೂ ಟೈರಿಗೂ ನಡುವೆ ಕೂಡ ಮಾಡು. ಫೋರ್ಕಿನ ಎರಡು ಕಾಲುಗಳ ಒಳ ಅಗಲವನ್ನು ಸ್ಕೇಲಿನಲ್ಲಿ ನೋಡು. 25ರ ಟೈರಿಗೆ 35 ಎಂಎಂ ಅಗಲದ ಮಡ್‌ಗಾರ್ಡ್ ಸರಿ. ಒಳ ಅಗಲ ಅದಕ್ಕಿಂತ ಕಡಿಮೆ ಇದ್ದರೆ ಅಲ್ಲೂ ಅದು ಸಿಕ್ಕಿಹಾಕಿಕೊಳ್ಳುತ್ತೆ.

ಕೊಳ್ಳುವ ಮುಂಚೆಯೇ ಅಂದಾಜು ಸಿಗಬೇಕಾದರೆ ಬ್ರೇಕ್ ಕಟ್ಟೆಗಳನ್ನು ನೋಡು. ಸಾಮಾನ್ಯ ರೋಡ್ ಬೈಕಿನ ಕ್ಯಾಲಿಪರ್ ಬ್ರೇಕಿಗೆ, ಬೋಲ್ಟಿನಿಂದ ಕಟ್ಟೆಯವರೆಗೆ 39ರಿಂದ 49 ಎಂಎಂ ದೂರ ಹೊಂದಿಸಬಹುದು. ನಿನ್ನ ಕಟ್ಟೆ ಬ್ರೇಕಿನ ತೋಳಿನಲ್ಲಿರುವ ಉದ್ದನೆಯ ಸೀಳಿನ ಕೆಳ ತುದಿಯಲ್ಲಿದ್ದರೆ ಟೈರಿನ ಮೇಲೆ ಜಾಗ ಇದೆ ಅಂತ. ಮೇಲಿನ ತುದಿಯಲ್ಲಿದ್ದರೆ ಇಕ್ಕಟ್ಟು.

ಜಾಗ ಮಾಡಿಕೊಳ್ಳಲು ಎಲ್ಲಕ್ಕಿಂತ ಸುಲಭದ ದಾರಿ ಟೈರು ಸಣ್ಣದು ಮಾಡುವುದು. 28ರಿಂದ 25ಕ್ಕೆ ಇಳಿದರೆ ತಲೆಯ ಮೇಲೆ ಹತ್ತಿರ ಹತ್ತಿರ ಮೂರು ಎಂಎಂ ಸಿಗುತ್ತೆ. ನಮ್ಮ ಗುಂಡಿಗಳಿಗೆ 28ರದ್ದೇ ಹಿತ, ಒಪ್ಪುತ್ತೇನೆ. ಆದರೆ ನಿನ್ನ ಫ್ರೇಮಿನಲ್ಲಿ ಎರಡೂ ಒಟ್ಟಿಗೆ ಸಿಗುವುದಿಲ್ಲ. ಮಳೆಯ ತಿಂಗಳುಗಳಲ್ಲಿ 25, ಆಮೇಲೆ ಬೇಕಾದರೆ 28. ಟೈರಿನ ಮೇಲೆ ಬರೆದಿರುವ ಅಂಕಿಯನ್ನೂ ಪೂರ್ತಿ ನಂಬಬೇಡ, ಅಗಲದ ರಿಮ್ಮಿನ ಮೇಲೆ 28ರ ಟೈರು ಉಬ್ಬಿ 30 ಆಗಿರುತ್ತೆ.

ನಿನ್ನ ಸೈಕಲ್ಲಿಗೆ ನನ್ನ ಆಯ್ಕೆ ಎರಡು ತುಂಡಿನದೇ. ತೆಳು ಪ್ಲಾಸ್ಟಿಕ್ ಮಡ್‌ಗಾರ್ಡನ್ನು ಬ್ರೇಕಿನ ಎರಡೂ ಬದಿಗೆ ತುಂಡು ಮಾಡಿ, ನಡುವಿನ ಅಂಗುಲ ಎರಡಂಗುಲ ಖಾಲಿ ಬಿಡುವುದು. ಆ ಖಾಲಿಯನ್ನು ಬ್ರೇಕೇ ಮುಚ್ಚುತ್ತೆ, ಅಲ್ಲಿಂದ ಹಾರುವ ನೀರು ಸ್ವಲ್ಪವೇ. ಹೀಗೆ ತುಂಡಾಗಿಯೇ ಬರುವ ಸೆಟ್ಟುಗಳೂ ಇವೆ, ಜರ್ಮನಿಯ ಎಸ್‌ಕೆಎಸ್ ಕಂಪನಿಯ ರೇಸ್‌ಬ್ಲೇಡ್ ಲಾಂಗ್ ಈ ಜಾತಿಯದು. ಮುಂದಿನ ಚಕ್ರದಲ್ಲಿ ಫೋರ್ಕಿನ ಹಿಂದಿನ ತುಂಡು ಮುಖ್ಯ. ಅದು ಕೆಳಗೆ ಎಷ್ಟು ಇಳಿದರೆ ಅಷ್ಟು ಒಳ್ಳೆಯದು. ಸಾಲದಿದ್ದರೆ ಹಳೆಯ ಟ್ಯೂಬನ್ನೋ ದಪ್ಪ ರಬ್ಬರ್ ಹಾಳೆಯನ್ನೋ ಕತ್ತರಿಸಿ ಫ್ಲ್ಯಾಪ್ ಮಾಡಿ ರಸ್ತೆಗೆ ನಾಲ್ಕು ಬೆರಳು ಅಂತರ ಇರುವ ಹಾಗೆ ಬಿಡು. ರೋಡ್ ಹಂಪಿನ ಮೇಲೆ ಅದು ಬಾಗಬೇಕು, ಮುರಿಯಬಾರದು, ಅದಕ್ಕೇ ರಬ್ಬರ್. ಹಿಂದಿನ ಚಕ್ರಕ್ಕೂ ಫ್ಲ್ಯಾಪ್ ಹಾಕು. ಅದು ನಿನಗಲ್ಲ, ಭಾನುವಾರ ನಂದಿಬೆಟ್ಟದ ಕಡೆ ಗುಂಪಿನಲ್ಲಿ ಹೋಗುವಾಗ ನಿನ್ನ ಹಿಂದಿರುವವರಿಗೆ. ಬ್ರಿಟನ್ನಿನ ಸೈಕಲ್ ಕ್ಲಬ್ಬುಗಳಲ್ಲಿ ಚಳಿಗಾಲದ ಸವಾರಿಗೆ ಮಡ್‌ಗಾರ್ಡ್ ಇಲ್ಲದೆ ಬಂದವರನ್ನು ಸಾಲಿನ ಕೊನೆಗೆ ಕಳಿಸುವ ರೂಢಿ ಇದೆ. ಅದು ಸರಿ ಅನ್ನಿಸುತ್ತೆ ನನಗೆ. ಮುಂದಿನವರ ಟೈರಿನ ಮೋರಿ ನೀರನ್ನು ಯಾರೂ ಕುಡಿಯಬೇಕಾಗಿಲ್ಲ.

ಕಂಬಿ ಸಿಕ್ಕಿಸಲು ತೂತಿಲ್ಲದ ಕಡೆ ರಬ್ಬರ್ ಪದರ ಇರುವ ಪಿ-ಕ್ಲಿಪ್ ಹಾಕಬೇಕು, ಜೆ.ಸಿ. ರಸ್ತೆಯಲ್ಲಿ ಹುಡುಕು. ಹಿಂದಿನ ಅಲ್ಯುಮಿನಿಯಂ ಪೈಪಿಗೆ ಅದನ್ನು ಗಟ್ಟಿಯಾಗಿ ಬಿಗಿಯಬಹುದು. ಮುಂದಿನ ಫೋರ್ಕ್ ಕಾರ್ಬನ್ನಿನದು, ಅದಕ್ಕೆ ಪಿ-ಕ್ಲಿಪ್ ಹಿಂಡಬೇಡ, ತೂತು ಕೊರೆಯುವುದಂತೂ ಬೇಡವೇ ಬೇಡ. ಅಲ್ಲಿಗೆ ಚಕ್ರದ ಕ್ವಿಕ್ ರಿಲೀಸ್ ಜೊತೆಗೆ ಕೂರುವ ಬ್ರಾಕೆಟ್ಟು ಇಲ್ಲವೇ ರಬ್ಬರ್ ಪಟ್ಟಿಯಲ್ಲಿ ಕಟ್ಟುವ ಬಗೆಯದು ಸರಿ. ಪ್ಲಾಸ್ಟಿಕ್ ಜಿಪ್ ಟೈ ಹಿಂದಿನ ಚಕ್ರಕ್ಕೆ ನಡೆಯುತ್ತೆ. ಮುಂದಿನದಕ್ಕೆ ಬೇಡ.

ಮೇಲ್ಗಡೆ ಬ್ರಾಕೆಟ್ಟು ಬ್ರೇಕಿನ ಬೋಲ್ಟಿನಲ್ಲೇ ಕೂರುತ್ತೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಬ್ರಾಕೆಟ್ಟಿನ ದಪ್ಪದಿಂದ ಫೋರ್ಕಿನ ಒಳಗಿರುವ ನಟ್ಟಿಗೆ ಬೋಲ್ಟಿನ ಎಳೆ ಕಡಿಮೆ ಸಿಗುತ್ತೆ. ನಟ್ಟು ಎಷ್ಟು ಸುತ್ತು ತಿರುಗಿ ಬಿಗಿಯಾಯಿತು ಅಂತ ಎಣಿಸು. ಆರೇಳು ಸುತ್ತಾದರೂ ಬೇಕು. ಇಲ್ಲದಿದ್ದರೆ ಉದ್ದದ ನಟ್ಟು ತಂದು ಹಾಕು, ಬೇರೆ ಬೇರೆ ಅಳತೆಯಲ್ಲಿ ಬರುತ್ತೆ. ನಿನ್ನನ್ನು ನಿಲ್ಲಿಸುವ ಬ್ರೇಕು ಅದೇ ಬೋಲ್ಟಿನ ಮೇಲೆ ನಿಂತಿದೆ. ಕೆಲಸ ಮುಗಿದ ಮೇಲೆ ಬ್ರೇಕು ನಡುವಿಗೆ ಇದೆಯಾ, ಕಟ್ಟೆ ಟೈರಿಗೆ ತಾಗುತ್ತಾ ಅಂತ ಚಕ್ರ ತಿರುಗಿಸಿ ನೋಡು.

ಇನ್ನು ನಾನು ಹೆದರುವ ವಿಷಯ. ರಸ್ತೆಯ ಮೇಲಿನ ಕಡ್ಡಿಯೋ ತಂತಿಯ ತುಂಡೋ ಟೈರಿನ ಜೊತೆ ಎದ್ದು ಮುಂದಿನ ಮಡ್‌ಗಾರ್ಡಿನೊಳಗೆ ಹೊಕ್ಕರೆ, ತಿರುಗುವ ಚಕ್ರ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತೆ. ಮಡ್‌ಗಾರ್ಡು ಮಡಚಿಕೊಂಡು ಚಕ್ರ ಸ್ಥಳದಲ್ಲೇ ನಿಲ್ಲುತ್ತೆ, ಸವಾರ ಹ್ಯಾಂಡಲ್ಲಿನ ಮೇಲಿಂದ ಮುಂದಕ್ಕೆ ಹೋಗಿ ಬೀಳುತ್ತಾರೆ. ಇದನ್ನು ತಪ್ಪಿಸಲೆಂದೇ ಒಳ್ಳೆಯ ಮಡ್‌ಗಾರ್ಡಿನ ಮುಂದಿನ ಕಂಬಿಗಳಿಗೆ ಕಳಚಿಕೊಳ್ಳುವ ಪ್ಲಾಸ್ಟಿಕ್ ಕ್ಲಿಪ್ ಇಟ್ಟಿರುತ್ತಾರೆ. ಜೋರಾಗಿ ಎಳೆದರೆ ಕಂಬಿ ಫೋರ್ಕಿನಿಂದ ಬಿಟ್ಟುಕೊಳ್ಳುತ್ತೆ, ಚಕ್ರ ತಿರುಗುತ್ತಲೇ ಇರುತ್ತೆ. ಆ ಕ್ಲಿಪ್ ಇಲ್ಲದ್ದನ್ನು ಎಷ್ಟೇ ಅಗ್ಗವಾಗಿ ಸಿಕ್ಕಿದರೂ ಮುಂದಕ್ಕೆ ಹಾಕಬೇಡ. ಅಲುಗಾಡುತ್ತೆ ಅಂತ ಆ ಕ್ಲಿಪ್ಪಿಗೆ ತಂತಿ ಸುತ್ತಿ ಬಿಗಿಯುವವರಿದ್ದಾರೆ. ಮಾಡಬೇಡ. ಓಡಿಸುವಾಗ ಮುಂದಿನಿಂದ ಹೊಸದಾಗಿ ಕರಕರ ಅಂತ ಸದ್ದು ಬಂದರೆ ಮನೆ ತಲುಪಿದ ಮೇಲೆ ನೋಡೋಣ ಅನ್ನದೆ ಅಲ್ಲೇ ಬದಿಗೆ ನಿಲ್ಲಿಸಿ ನೋಡು.

ನೀನು ಕುಳ್ಳಿ, ನಿನ್ನ ಫ್ರೇಮೂ ಚಿಕ್ಕದು. ನಿಧಾನವಾಗಿ ಹೋಗುತ್ತಾ ಹ್ಯಾಂಡಲ್ ಪೂರ್ತಿ ತಿರುಗಿಸಿದರೆ ಶೂವಿನ ತುದಿ ಮುಂದಿನ ಮಡ್‌ಗಾರ್ಡಿಗೆ ತಾಗುತ್ತೆ. ಓಟದಲ್ಲಿ ಇದು ಗೊತ್ತೇ ಆಗುವುದಿಲ್ಲ. ಸಿಗ್ನಲ್ಲಿನಲ್ಲಿ, ಯೂ ಟರ್ನಿನಲ್ಲಿ ಬೀಳಿಸುತ್ತೆ. ಮೊದಲ ದಿನ ಅಪಾರ್ಟ್‌ಮೆಂಟಿನ ಒಳಗೇ ಎಂಟಂಕಿ ಹೊಡೆದು ಎಲ್ಲಿ ತಾಗುತ್ತೆ ಅಂತ ಕಾಲಿಗೆ ಅಭ್ಯಾಸ ಮಾಡಿಸು.

ಕಂಬಿಯ ಹೆಚ್ಚಿನ ಉದ್ದವನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ಕತ್ತರಿಸಿ, ತುದಿಯನ್ನು ಅರದಿಂದ ಉಜ್ಜಿ, ಪ್ಲಾಸ್ಟಿಕ್ ಟೋಪಿ ಹಾಕು. ಇಲ್ಲದಿದ್ದರೆ ಮೀನಖಂಡ ಕೊಯ್ಯುತ್ತೆ. ನಟ್ಟುಗಳು ನೈಲಾಕಿನವೇ ಇರಲಿ, ನಮ್ಮ ರಸ್ತೆಯ ಕುಲುಕಿಗೆ ಸಾದಾ ನಟ್ಟು ವಾರದಲ್ಲಿ ಸಡಿಲವಾಗುತ್ತೆ. ಮಡ್‌ಗಾರ್ಡ್ ಹಾಕಿದ ಮೇಲೆ ಹಿಂದಿನ ಚಕ್ರ ಬಿಚ್ಚಿ ಸೇರಿಸುವುದನ್ನು ಮನೆಯಲ್ಲೇ ಎರಡು ಸಲ ಮಾಡಿ ನೋಡು. ಗಾಳಿ ತುಂಬಿದ ಟೈರು ಕಟ್ಟೆಗಳ ನಡುವೆ ಬರದಿದ್ದರೆ ಮೊದಲು ಬ್ರೇಕಿನ ಪಕ್ಕದ ಸಣ್ಣ ಲಿವರ್ ಎತ್ತಬೇಕು. ಇದು ಮಳೆಯಲ್ಲಿ, ಕತ್ತಲೆಯಲ್ಲಿ, ಪಂಕ್ಚರ್ ಆಗಿ ನಿಂತಾಗ ಕಲಿಯುವ ಪಾಠ ಅಲ್ಲ.

ಸಕಲೇಶಪುರದ ಕಡೆ ತೋಟದ ಮಣ್ಣುರಸ್ತೆಗೆ ಹೋಗುವ ಯೋಚನೆ ಇದ್ದರೆ ಎಲ್ಲವನ್ನೂ ಬಿಚ್ಚಿಟ್ಟು ಹೋಗು. ಇಕ್ಕಟ್ಟಿನ ಮಡ್‌ಗಾರ್ಡಿನೊಳಗೆ ಜೇಡಿಮಣ್ಣು ಮೆತ್ತಿಕೊಂಡರೆ ಚಕ್ರ ತಿರುಗುವುದೇ ಇಲ್ಲ. ಡಾಂಬರು ರಸ್ತೆಗಷ್ಟೇ ಇದು.

ಬರುವ ಭಾನುವಾರ ಸೈಕಲ್ ತಗೊಂಡು ಬಾ, ಇಬ್ಬರೂ ಸೇರಿ ಕೂರಿಸೋಣ. ಅರ, ಬ್ಲೇಡು, ಕೀಗಳು ನನ್ನ ಹತ್ತಿರ ಇವೆ. 25ರ ಟೈರು ಎರಡು, ಕಳಚುವ ಕ್ಲಿಪ್ ಇರುವ ಸೆಟ್ಟು ಒಂದು, ಉದ್ದದ ಬ್ರೇಕ್ ನಟ್ಟು ಒಂದು ನೀನು ತರಬೇಕು.