ಅಡುಗೆಮನೆ ನವೀಕರಣ: ದೀಪದ ಲೆಕ್ಕ ಮೊದಲೇ ಆಗಲಿ

ಅಡುಗೆಮನೆಯ ನವೀಕರಣಕ್ಕೆ ಅಂದಾಜುಪಟ್ಟಿ ತಯಾರಿಸುವಾಗ ಗ್ರಾನೈಟ್, ಟೈಲ್ಸ್ ಮತ್ತು ಕಪಾಟುಗಳಿಗೆ ಮೊದಲ ಸ್ಥಾನ ದೊರೆಯುತ್ತದೆ. ದೀಪಗಳು ಕೊನೆಯಲ್ಲಿ 'ಇತರೆ ವೆಚ್ಚ'ಕ್ಕೆ ಸೇರುತ್ತವೆ. ದೀಪದ ಬೆಲೆ ಅಲ್ಪವೇ ಇರಬಹುದು. ಆದರೆ ಟೈಲ್ಸ್ ಕೂರಿಸಿದ ಮೇಲೆ ಅದರ ಸ್ಥಾನ ಬದಲಿಸಬೇಕಾದರೆ ಗೋಡೆ ಕೊರೆದು, ತಂತಿ ಎಳೆದು, ಮತ್ತೆ ಟೈಲ್ಸ್ ಹಾಕುವ ವೆಚ್ಚವು ದೀಪದ ಬೆಲೆಯನ್ನೇ ಮೀರಬಹುದು. ಆದುದರಿಂದ ದೀಪದ ನಿರ್ಣಯವು ವೈರಿಂಗ್‌ಗೆ ಮುನ್ನವೇ ಆಗಬೇಕು.

ಸ್ಥಾನ

ಛಾವಣಿಯ ನಡುವೆ ಒಂದೇ ದೀಪವಿದ್ದಲ್ಲಿ, ಕಟ್ಟೆಯ ಕಡೆಗೆ ಮುಖಮಾಡಿ ನಿಂತವರ ನೆರಳು ತರಕಾರಿ ಹೆಚ್ಚುವ ಜಾಗದ ಮೇಲೆಯೇ ಬೀಳುತ್ತದೆ. ಮೇಲಿನ ಕಪಾಟಿನ ಅಡಿಯಲ್ಲಿ, ಮುಂಭಾಗದ ಅಂಚಿಗೆ ಎಲ್‌ಇಡಿ ಸ್ಟ್ರಿಪ್ ಅಳವಡಿಸುವುದು ಇದಕ್ಕೆ ಪರಿಹಾರ. ಸಾಮಾನ್ಯವಾಗಿ 12 ಅಥವಾ 24 ವೋಲ್ಟ್‌ನಲ್ಲಿ ಉರಿಯುವ ಈ ಸ್ಟ್ರಿಪ್‌ಗೆ ಪ್ರತ್ಯೇಕ ಡ್ರೈವರ್ ಬೇಕು. ಅದನ್ನು ಒಲೆಯ ಶಾಖ ಹಾಗೂ ಸಿಂಕ್‌ನ ನೀರಿನಿಂದ ದೂರ, ಕೈಗೆಟಕುವ ಕಡೆ ಇಡಬೇಕು.

ಅಳತೆ

ವ್ಯಾಟ್ ಎಂಬುದು ವಿದ್ಯುತ್ ಬಳಕೆಯ ಅಳತೆ. ಬೆಳಕಿನ ಅಳತೆ ಲ್ಯೂಮೆನ್. ಒಂದು ಚದರ ಮೀಟರ್ ಮೇಲೆ ಬೀಳುವ ಒಂದು ಲ್ಯೂಮೆನ್ ಬೆಳಕೇ ಒಂದು ಲಕ್ಸ್. 3 ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ ಕಟ್ಟೆಗೆ 300 ಲಕ್ಸ್ ಬೇಕೆಂದರೆ 540 ಲ್ಯೂಮೆನ್ ಅದರ ಮೇಲೆ ಬೀಳಬೇಕು. ಸ್ವಲ್ಪ ಬೆಳಕು ಅತ್ತಿತ್ತ ಹರಡುವುದರಿಂದ ಇದಕ್ಕಿಂತ ಹೆಚ್ಚಿನದನ್ನೇ ಆರಿಸಬೇಕು. ಒಗ್ಗರಣೆ ಕೆಂಪಾಯಿತೋ ಸೀದಿತೋ ಎಂದು ತಿಳಿಯಲು ಬಣ್ಣ ಸರಿಯಾಗಿ ಕಾಣಬೇಕು. ಡಬ್ಬಿಯ ಮೇಲೆ ಸಿಆರ್‌ಐ 80 ಅಥವಾ ಹೆಚ್ಚು ಎಂದಿದೆಯೇ ನೋಡಬೇಕು.

ವಿದ್ಯುತ್ ವೆಚ್ಚ

ಹಳೆಯ 40 ವ್ಯಾಟ್ ಟ್ಯೂಬ್‌ಲೈಟ್ ಚೋಕ್ ಸೇರಿ ಸುಮಾರು 55 ವ್ಯಾಟ್ ಬಳಸುತ್ತದೆ. ದಿನಕ್ಕೆ 5 ಗಂಟೆಯಂತೆ ವರ್ಷಕ್ಕೆ ಸುಮಾರು 100 ಯೂನಿಟ್. 20 ವ್ಯಾಟ್ ಎಲ್‌ಇಡಿ ಬ್ಯಾಟನ್‌ಗೆ 36.5 ಯೂನಿಟ್ ಸಾಕು. ಯೂನಿಟ್‌ಗೆ ರೂ. 7 ಎಂದು ಭಾವಿಸಿದರೆ ವಾರ್ಷಿಕ ಉಳಿತಾಯ ಸುಮಾರು ರೂ. 445. ಮೇಲಾಗಿ, ಪಾದರಸ ಕುರಿತ ಮಿನಮಾಟಾ ಒಪ್ಪಂದದ 2023ರ ಜಿನೀವಾ ಸಭೆಯು ಸಾಮಾನ್ಯ ಬಳಕೆಯ ಟ್ಯೂಬ್‌ಲೈಟ್‌ಗಳ ತಯಾರಿಕೆ ಹಾಗೂ ಆಮದು-ರಫ್ತನ್ನು 2027ರ ಅಂತ್ಯದೊಳಗೆ ನಿಲ್ಲಿಸಲು ನಿರ್ಧರಿಸಿದೆ. ನವೀಕರಣದಲ್ಲಿ ಹಳೆಯ ಪಟ್ಟಿಯನ್ನೇ ಮತ್ತೆ ಕೂರಿಸುವುದು ಜಾಣತನವಲ್ಲ.

ತೆರಿಗೆ

ಮನೆಯ ದೀಪಗಳ ಬಿಲ್ಲನ್ನು ಅಂಗಡಿಯ ಜಿಎಸ್‌ಟಿ ಸಂಖ್ಯೆಗೆ ಬರೆಸುವ ರೂಢಿ ಕೆಲವರಲ್ಲಿದೆ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 17(5)ನೇ ಕಲಮಿನ ಪ್ರಕಾರ ಸ್ವಂತ ಬಳಕೆಯ ಸರಕಿಗೆ ಹೂಡುವಳಿ ತೆರಿಗೆ ಜಮೆ ದೊರೆಯದು. ತಪ್ಪಾಗಿ ಪಡೆದು ಬಳಸಿದರೆ ತೆರಿಗೆಯನ್ನು ಬಡ್ಡಿ ಸಹಿತ ಹಿಂದಿರುಗಿಸಬೇಕಾಗುತ್ತದೆ; ದಂಡವೂ ಬೀಳಬಹುದು. ಇಂತಹ ವೆಚ್ಚವನ್ನು ಸಂಸ್ಥೆಯಿಂದ ಪಾವತಿಸಿದ್ದರೆ ಮಾಲೀಕರ ಸ್ವಂತ ಖಾತೆಗೆ ಖರ್ಚು ಬರೆಯುವುದೇ ಸರಿಯಾದ ಕ್ರಮ.

ಒಟ್ಟಿನಲ್ಲಿ, ಗಾರೆ ಕೆಲಸ ಆರಂಭವಾಗುವ ಮುನ್ನ ಒಂದು ಸಂಜೆ, ದಿನವೂ ಅಡುಗೆ ಮಾಡುವವರೊಡನೆ ಕಟ್ಟೆಯ ಮುಂದೆ ನಿಂತು ನೆರಳು ಎಲ್ಲಿ ಬೀಳುತ್ತದೆಂದು ಗುರುತು ಹಾಕಿಕೊಳ್ಳಬೇಕು. ಎಲೆಕ್ಟ್ರಿಷಿಯನ್‌ಗೆ ಕೊಡುವ ನಕ್ಷೆಗೆ ಆ ಗುರುತೇ ಆಧಾರ.