ಇರುಳುಗಳ ಲೆಕ್ಕ

ಅಗಲಿದ ದಂಪತಿಗಳಲ್ಲಿ ಮಗುವಿನ ತೆರಿಗೆ ರಿಯಾಯಿತಿ ಯಾರಿಗೆ ಸಲ್ಲಬೇಕು? ಹೆಚ್ಚು ಹಣ ತೆರುವವರಿಗೆಂದೇ ನಾನು ಭಾವಿಸಿದ್ದೆ. ಅಮೆರಿಕಾದ ಕಾನೂನನ್ನು ಓದಿದ ಮೇಲೆ ಆ ಭಾವನೆ ಅಳಿಯಿತು. ಅಲ್ಲಿ ಮೊದಲು ಎಣಿಸುವುದು ಡಾಲರುಗಳನ್ನಲ್ಲ, ಇರುಳುಗಳನ್ನು. ಮಗು 183 ರಾತ್ರಿ ತಾಯಿಯ ಬಳಿ, 182 ರಾತ್ರಿ ತಂದೆಯ ಬಳಿ ಮಲಗಿತೆನ್ನಿ. ಜೀವನಾಂಶವನ್ನು ತಂದೆಯೇ ತೆತ್ತಿದ್ದರೂ ಹಕ್ಕು ತಾಯಿಯದು. ಸಮಸಮವಾದರೆ ಮಾತ್ರ ಹೆಚ್ಚು ವರಮಾನದವರಿಗೆ. 2025ರ ವರ್ಷಕ್ಕೆ ಇದು, ಹದಿನೇಳು ತುಂಬದ ಮಗುವೊಂದಕ್ಕೆ, ಗರಿಷ್ಠ 2,200 ಡಾಲರು.

ತಾಯಿ ಒಪ್ಪಿ 8332ನೆಯ ನಮೂನೆಗೆ ಸಹಿ ಹಾಕಿದರೆ ರಿಯಾಯಿತಿ ತಂದೆಗೆ ಹೋಗುತ್ತದೆ. 2008ರ ನಂತರದ ವಿಚ್ಛೇದನಗಳಲ್ಲಿ ನ್ಯಾಯಾಲಯದ ತೀರ್ಪನ್ನು ಲಗತ್ತಿಸಿದರೆ ಸಾಲದು. ಆ ಸಹಿಯೇ ಬೇಕು. ಅಲ್ಪ ವರಮಾನದ ದುಡಿಮೆಗಾರರಿಗಾಗಿ ಇರುವ ಇನ್ನೊಂದು ರಿಯಾಯಿತಿಯಂತೂ ಯಾವ ಸಹಿಗೂ ಕೈ ಬದಲಿಸದು. ನನಗೆ ಮೆಚ್ಚುಗೆಯಾದದ್ದು ಇದೇ.