ಪರಸ್ಥಳದಲ್ಲಿ ಹಾಡು: ಗಾನವೃಂದದ ಒಂದು ದಿನದ ಪ್ರವಾಸ

ಕ್ರಿಸ್ತಜಯಂತಿಯ ಕಾಲದಲ್ಲಿಯೂ ಊರಹಬ್ಬಗಳ ಕಾಲದಲ್ಲಿಯೂ ಚರ್ಚಿನ ಗಾನವೃಂದಗಳು ಒಂದು ದಿನದ ಮಟ್ಟಿಗೆ ಬೇರೊಂದು ಊರಿಗೆ ಹೋಗಿ ಹಾಡಿ ಬರುವುದುಂಟು. ಹಾಡುವವರು ಇಪ್ಪತ್ತು ಮಂದಿಯಾದರೆ ಬಸ್ಸನ್ನು ಏರುವವರು ನಲವತ್ತು ಮಂದಿ. ತಾಯಂದಿರು, ಅಜ್ಜಿಯರು, ಕೈಗೂಸುಗಳು, ಚಿತ್ರಾನ್ನದ ಡಬ್ಬಿಗಳು ಎಲ್ಲವೂ ಜೊತೆಯಲ್ಲಿರುತ್ತವೆ. ವಿದ್ಯಾರ್ಥಿಗಳ ಪಾಲಿಗೆ ಇದೊಂದು ವಿಹಾರ. ಆದರೆ ಈ ಒಂದೇ ದಿನದೊಳಗೆ ಭೂಗೋಳ, ವಿಜ್ಞಾನ, ವ್ಯಾಕರಣಗಳ ಪಾಠಗಳು ಅಡಗಿವೆ. ಅವುಗಳನ್ನು ಇಲ್ಲಿ ಕೊಂಚ ವಿವೇಚಿಸೋಣ. ಭಜನಮಂಡಲಿಯೊಡನೆ ಪ್ರಯಾಣ ಮಾಡುವ ಮನೆಗಳ ಮಕ್ಕಳಿಗೂ ಇದು ಅನ್ವಯಿಸುವುದರಿಂದ ಅವರೂ ಓದಬೇಕೆಂದು ಕೋರುತ್ತೇವೆ.

ಹೊಸೂರಿನಿಂದ ಸೇಲಂ ನಗರಕ್ಕೆ ಹೊರಟಿದ್ದೇವೆಂದು ಇಟ್ಟುಕೊಳ್ಳೋಣ. ಶೂಲಗಿರಿ, ಕೃಷ್ಣಗಿರಿ, ಕಾವೇರಿಪಟ್ಟಣ, ಧರ್ಮಪುರಿಗಳನ್ನು ದಾಟಿ, ತೊಪ್ಪೂರಿನ ಘಟ್ಟವನ್ನಿಳಿದು, ಓಮಲೂರಿನ ಮೇಲೆ ಹಾದು ಸೇಲಂ ಸೇರಬೇಕು. ದೂರ ಸುಮಾರು 160 ಕಿಲೋಮೀಟರು. 1965ರ ಅಕ್ಟೋಬರ್ 2ಕ್ಕೆ ಮೊದಲು ಈ ದಾರಿಯೆಲ್ಲವೂ ಒಂದೇ ಸೇಲಂ ಜಿಲ್ಲೆಯಲ್ಲಿತ್ತು. ಆ ದಿನ ಧರ್ಮಪುರಿ ಜಿಲ್ಲೆ ಬೇರೆಯಾಯಿತು. 2004ರಲ್ಲಿ ಅದರಿಂದ ಕೃಷ್ಣಗಿರಿ ಜಿಲ್ಲೆ ಹುಟ್ಟಿತು. ಕಥೋಲಿಕ ಧರ್ಮಪ್ರಾಂತ್ಯಗಳ ಕಥೆಯೂ ಹೀಗೆಯೇ. ಮೈಸೂರು, ಪುದುಚೇರಿ, ಕುಂಭಕೋಣಂ ಪ್ರಾಂತ್ಯಗಳ ಭಾಗಗಳನ್ನು ಕೂಡಿಸಿ 1930ರಲ್ಲಿ ಸೇಲಂ ಧರ್ಮಪ್ರಾಂತ್ಯವನ್ನು ರಚಿಸಿದರು; 1997ರಲ್ಲಿ ಧರ್ಮಪುರಿ ಪ್ರತ್ಯೇಕವಾಯಿತು. ಮೈಸೂರಿನ ಹೆಸರು ಈ ಪಟ್ಟಿಯಲ್ಲಿರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕನ್ನಡವೂ ತಮಿಳೂ ಈ ಸೀಮೆಯಲ್ಲಿ ಬಹುಕಾಲದ ನೆರೆಹೊರೆಯವರು.

ಹೊಸೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿದೆ. ಸೇಲಂ ಸುಮಾರು 280 ಮೀಟರು ಮಾತ್ರ. ಇಳಿದಂತೆಲ್ಲ ಸೆಕೆ ಹೆಚ್ಚುತ್ತದೆ. ಬೆಳಗಿನ ಚಳಿಯಲ್ಲಿ ಶ್ರುತಿ ಮಾಡಿದ ಗಿಟಾರಿನ ಉಕ್ಕಿನ ತಂತಿ ಶಾಖಕ್ಕೆ ಹಿಗ್ಗಿ ಸಡಿಲವಾಗಿ, ಸ್ವರ ತಗ್ಗುತ್ತದೆ. ತಬಲೆಯ ಚರ್ಮವೂ ಗಾಳಿಯ ತೇವಕ್ಕೆ ತಕ್ಕಂತೆ ಬದಲಾಗುತ್ತದೆ. ಹಾರ್ಮೋನಿಯಂ ಒಂದೇ ಹೆಚ್ಚುಕಡಮೆ ತನ್ನ ಮಾತಿಗೆ ನಿಲ್ಲುವುದು. ಊರಿನಲ್ಲಿ ಸರಿಯಾಗಿದ್ದ ವಾದ್ಯ ಇಲ್ಲಿಯೂ ಸರಿಯಾಗಿರುತ್ತದೆಂದು ನಂಬಿ ನೇರವಾಗಿ ಹಾಡಲು ನಿಲ್ಲಬಾರದು. ಹಾರ್ಮೋನಿಯಮ್ಮಿಗೆ ಹೊಂದಿಸಿ ಮತ್ತೆ ಶ್ರುತಿ ಕೂಡಿಸಬೇಕು.

ಎತ್ತರದ ಚಾವಣಿಯ ದೊಡ್ಡ ದೇವಾಲಯಗಳಲ್ಲಿ ಇನ್ನೊಂದು ತೊಡಕುಂಟು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುತ್ತದೆ. ಎದುರುಗೋಡೆ 17 ಮೀಟರಿಗಿಂತ ದೂರವಿದ್ದರೆ, ಹೋದ ದನಿ ಮರಳಿ ಬರುವುದಕ್ಕೆ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ; ಆಗ ಅದು ಬೇರೆಯಾಗಿ ಕೇಳಿಸತೊಡಗುತ್ತದೆ. ಒಂದು ಪದ ಮುಗಿಯುವ ಮೊದಲೇ ಹಿಂದಿನ ಪದ ಬಂದು ಅದರ ಮೇಲೆ ಕುಳಿತುಕೊಳ್ಳುತ್ತದೆ. ಆದುದರಿಂದ ಅಲ್ಲಿ ಲಯವನ್ನು ತುಸು ನಿಧಾನಿಸಿ, ವ್ಯಂಜನಗಳನ್ನು ಬಿಡಿಸಿ ಹೇಳಬೇಕು. ಬೆಳಿಗ್ಗೆ ಬರಿದಾದ ದೇವಾಲಯದಲ್ಲಿ ಅಭ್ಯಾಸ ಮಾಡಿದವರು ಜನ ತುಂಬಿದಾಗ ತಮ್ಮ ದನಿ ಕುಗ್ಗಿತೆಂದು ಗಾಬರಿಪಡುತ್ತಾರೆ. ಕುಗ್ಗಿದ್ದು ದನಿಯಲ್ಲ, ಮಾರ್ದನಿ. ಮನುಷ್ಯರ ಮೈಯೂ ಬಟ್ಟೆಯೂ ಶಬ್ದವನ್ನು ಹೀರಿಕೊಳ್ಳುತ್ತವೆ. ಆಗ ಕಿರುಚಲು ತೊಡಗುವವರೇ ಹೆಚ್ಚು, ಅದು ಸಲ್ಲದು.

ಇನ್ನು ವ್ಯಾಕರಣ. ಈ ಲೇಖನವನ್ನು ಬರೆಯಲು ನಮ್ಮನ್ನು ಪ್ರೇರಿಸಿದ ಸಂಗತಿ ಇದೇ.

ಹಿಂದೆ ಕಥೋಲಿಕ ದೇವಾಲಯಗಳ ಬಲಿಪೂಜೆಯು ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಪ್ರಕಟಿಸಿದ ಆರಾಧನಾವಿಧಿಯ ಶಾಸನದಿಂದ ಜನರ ನುಡಿಗಳಿಗೆ ಅಲ್ಲಿ ಎಡೆ ದೊರೆಯಿತು. ಪ್ರಾಟೆಸ್ಟಂಟರ ಸಭೆಗಳು ಮೊದಲಿನಿಂದಲೂ ದೇಶಭಾಷೆಯಲ್ಲಿಯೇ ಹಾಡಿದವು. ಬಾಸೆಲ್ ಮಿಷನ್ನಿನ ಕಿಟ್ಟೆಲ್ ಪಂಡಿತರು ಯೇಸುವಿನ ಚರಿತ್ರೆಯನ್ನು ಕನ್ನಡ ಪದ್ಯಗಳಲ್ಲಿ ಹೆಣೆದು 1862ರಲ್ಲಿ ‘ಕಥಾಮಾಲೆ’ಯೆಂದು ಪ್ರಕಟಿಸಿದರು. ಹೀಗೆ ನುಡಿಯ ಬಾಗಿಲು ತೆರೆದ ಮೇಲೆ ಗಡಿನಾಡಿನಲ್ಲಿ ಹೊಸ ಪ್ರಶ್ನೆಯೊಂದು ಹುಟ್ಟುತ್ತದೆ: ಎರಡು ನುಡಿಯ ಜನ ಒಟ್ಟಿಗೆ ನಿಂತು ಹಾಡುವಾಗ ಯಾವ ಲಿಪಿಯ ಹಾಳೆಯನ್ನು ಕೈಯಲ್ಲಿ ಹಿಡಿಯಬೇಕು?

ಮಾತನಾಡುವುದು ಕನ್ನಡ, ಓದಲು ಬರುವುದು ತಮಿಳು ಮಾತ್ರ ಎಂಬ ಮನೆಗಳು ನಮ್ಮಲ್ಲಿ ಹೆಚ್ಚುತ್ತಿವೆ. ಅಂತಹವರಿಗಾಗಿ ಕನ್ನಡ ಹಾಡನ್ನು ತಮಿಳು ಅಕ್ಷರಗಳಲ್ಲಿ ಬರೆದುಕೊಡುವುದು ಸುಲಭೋಪಾಯವೆಂದು ತೋರುತ್ತದೆ. ಆದರೆ ತಮಿಳು ಲಿಪಿಯಲ್ಲಿ ಪ, ಬ, ಭಗಳಿಗೆ ಒಂದೇ ಅಕ್ಷರ; ಕ, ಗ, ಘಗಳಿಗೂ ಒಂದೇ. ತಮಿಳರಿಗೆ ಇದರಿಂದ ಕೊರತೆಯಿಲ್ಲ; ಅಕ್ಷರವು ಪದದಲ್ಲಿ ನಿಂತಿರುವ ಸ್ಥಾನದಿಂದಲೇ ಅವರಿಗೆ ಉಚ್ಚಾರಣೆ ತಿಳಿಯುತ್ತದೆ. ಕಷ್ಟವಾಗುವುದು ನಮ್ಮ ಪದಗಳಿಗೆ. ‘ಬಾಳು’ ಎಂಬುದನ್ನೂ ‘ಪಾಳು’ ಎಂಬುದನ್ನೂ ಆ ಲಿಪಿಯಲ್ಲಿ ಒಂದೇ ವಿಧವಾಗಿ ಬರೆಯಬೇಕು. ಪದದ ಮೊದಲಿನಲ್ಲಿ ಆ ಅಕ್ಷರವನ್ನು ‘ಪ’ ಎಂದು ಓದುವುದೇ ರೂಢಿ. ದೇವರೇ, ನನ್ನ ಬಾಳು ನಿನ್ನದು ಎಂದು ಹೇಳಹೊರಟ ಬಾಲಕನು ನನ್ನ ಪಾಳು ನಿನ್ನದು ಎಂದು ಹಾಡಿಯಾನು! ಕೇಳಿದ ಅಜ್ಜಿ ನಕ್ಕುಬಿಡುವರು. ಆದರೆ ಹುಡುಗನಿಗೆ ತಪ್ಪೆಲ್ಲಿಯದೆಂದೇ ತಿಳಿಯದು.

ಇನ್ನೊಂದು ದಿಕ್ಕಿನಿಂದ ನೋಡೋಣ. ಆತಿಥೇಯರ ಗೌರವಾರ್ಥವಾಗಿ ಒಂದೆರಡು ತಮಿಳು ಗೀತೆಗಳನ್ನು ಹಾಡುವುದು ಯೋಗ್ಯವಾದ ಸಂಪ್ರದಾಯ. ಅವುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಬಹುಮಟ್ಟಿಗೆ ಸರಿಹೋಗುತ್ತದೆ. ಎಡವುವುದು ತಮಿಳಿನ ವಿಶಿಷ್ಟವಾದ ಴ಕಾರದಲ್ಲಿ. ಅದಕ್ಕೆ ‘ಳ’ ಬರೆದರೆ ತಪ್ಪು, ‘ಲ’ ಬರೆದರೆ ಮತ್ತೂ ತಪ್ಪು. ವಾಸ್ತವವಾಗಿ ನಮ್ಮ ಹಿರಿಯರು ಅದಕ್ಕೆ ಒಂದು ಅಕ್ಷರವನ್ನೇ ಇಟ್ಟಿದ್ದರು; ಅದು ‘ೞ’. ಹಲ್ಮಿಡಿಯ ಶಾಸನದಲ್ಲಿ ಅದಿದೆ. ಕಾಲಾಂತರದಲ್ಲಿ ಆ ದನಿ ಕನ್ನಡಿಗರ ಬಾಯಿಂದ ಜಾರಿತು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಯಾವ ಯಾವ ಪದಗಳಲ್ಲಿ ೞಕಾರವಿದೆಯೆಂದು ಪಟ್ಟಿ ಮಾಡಬೇಕಾಯಿತು. ಆ ಗ್ರಂಥವನ್ನು 1872ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದವರೂ ಹಿಂದೆ ಹೇಳಿದ ಕಿಟ್ಟೆಲರೇ.

ಈ ಅಕ್ಷರವನ್ನು ಬಳಸಿ ಬರೆದ ಕೂಡಲೇ ಒಂದು ಆಶ್ಚರ್ಯ ಕಾದಿರುತ್ತದೆ. ತಮಿಳು ಸ್ತುತಿಗೀತೆಗಳಲ್ಲಿ ಅಡಿಗಡಿಗೆ ಬರುವ ‘ಪುಗೞ್’ ಎಂಬುದು ನಮ್ಮ ಹಳಗನ್ನಡದ ‘ಪೊಗೞ್’, ಇಂದಿನ ‘ಹೊಗಳು’. ‘ವಾೞ್’ ಎಂಬುದು ‘ಬಾೞ್’, ಇಂದಿನ ‘ಬಾಳು’. ‘ಪಾಡು’ ಎಂಬುದು ‘ಹಾಡು’. ಪಂಪನ ಕಾಲದಲ್ಲಿ ನಮ್ಮವರೂ ಪಾಡುತ್ತಲೇ ಇದ್ದರು. ಹಾಡು, ಹೊಗಳು, ಬಾಳು ಈ ಮೂರೂ ಎರಡು ಮನೆಗಳಿಗೂ ಸಲ್ಲುವ ಹಳೆಯ ಆಸ್ತಿ. ತಮಿಳನ್ನು ಚೆನ್ನಾಗಿ ಕಲಿತ ಮಗುವಿಗೆ ಹಳಗನ್ನಡ ಸುಲಭವಾಗುತ್ತದೆಂಬುದು ನಮ್ಮ ಅನುಭವ.

ತಂದೆತಾಯಿಗಳಲ್ಲಿ ಒಂದು ಮಾತು. 2006ರಲ್ಲಿ ತಮಿಳುನಾಡಿನಲ್ಲಿ ತಮಿಳು ಕಲಿಕೆಯ ಕಾಯಿದೆ ಬಂದಂದಿನಿಂದ, ತಮಿಳು ಹೇಗೂ ಕಲಿಯಬೇಕು, ಇನ್ನು ಕನ್ನಡದ ಅಕ್ಷರ ಏಕೆ ಎಂದು ಕೇಳುವವರಿದ್ದಾರೆ. ತಮಿಳನ್ನು ಕಲಿಯಲಿ, ನೆರೆಯವರ ನುಡಿಯನ್ನು ಅರೆಬರೆಯಾಗಿ ಕಲಿಯುವುದು ಅವರಿಗೂ ನಮಗೂ ಗೌರವವಲ್ಲ. ಆದರೆ ಬಸ್ಸಿನಲ್ಲಿ ಹಾಡಿನ ಹಾಳೆಗಳನ್ನು ಹಂಚಿದಾಗ, ಮನೆಯ ಮೂರು ತಲೆಮಾರುಗಳಲ್ಲಿ ಕನ್ನಡ ಓದಬಲ್ಲವರು ಒಬ್ಬರಾದರೂ ಇರಲಿ. ಅಜ್ಜಿಗೆ ಹಾಡು ಬಾಯಿಪಾಠ, ಅಕ್ಷರ ಬಾರದು. ತಂದೆಗೆ ತಮಿಳು ಅಕ್ಷರ ಮಾತ್ರ ಬರುತ್ತದೆ. ಐದನೆಯ ತರಗತಿಯ ಮಗು ಓದಿಹೇಳಿದರೆ ಇಬ್ಬರೂ ಹಾಡಬಲ್ಲರು. ಆ ಮಗುವಿಗೂ ಅಕ್ಷರ ಬಾರದಿದ್ದರೆ ಮುಂದಿನ ವರ್ಷದ ಪಟ್ಟಿಯಿಂದ ಆ ಹಾಡೇ ಬಿಟ್ಟುಹೋಗುತ್ತದೆ. ಯಾರೂ ತೆಗೆದುಹಾಕಬೇಕಾಗಿಲ್ಲ, ತಾನಾಗಿಯೇ ಹೋಗುತ್ತದೆ.

ಹಿಂದಿರುಗುವಾಗ ಹೊತ್ತಿದ್ದರೆ ಮೇಟ್ಟೂರಿನ ಕಡೆ ತಿರುಗಬಹುದು. 1925ರಲ್ಲಿ ತೊಡಗಿ 1934ರಲ್ಲಿ ಮುಗಿದ ಆ ಅಣೆಕಟ್ಟಿನ ಪೂರ್ಣಮಟ್ಟ 120 ಅಡಿ. ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ನಾಯಂಬಾಡಿಯೂ ಒಂದು. ಬರಗಾಲಗಳಲ್ಲಿ ನೀರು ಬಹಳ ಇಳಿದಾಗ ಪಣ್ಣವಾಡಿಯ ಬಳಿ ಅಲ್ಲಿಯ ಚರ್ಚಿನ ಜೋಡಿಗೋಪುರಗಳೂ ಹಳೆಯ ಶಿವಾಲಯದ ನಂದಿಯೂ ಮೇಲೆದ್ದು ಕಾಣಿಸಿಕೊಂಡಿವೆ. ಆ ಊರಿನವರು ದೇವಾಲಯವನ್ನು ಅಲ್ಲಿಯೇ ಬಿಟ್ಟು ಹೊರಡಬೇಕಾಯಿತು. ಬಾಯಲ್ಲಿದ್ದ ಹಾಡುಗಳನ್ನು ಬಿಟ್ಟುಹೋಗಬೇಕಾಗಿರಲಿಲ್ಲ. ದಡದ ಮೇಲೆ ಬುತ್ತಿ ಬಿಚ್ಚುವಾಗ ದೊಡ್ಡವರು ಮಕ್ಕಳಿಗೆ ಇದನ್ನು ಹೇಳಿದರೆ ಚೆನ್ನು. ನೀರಿಗಿಳಿಯಲು ಮಾತ್ರ ಬಿಡಬಾರದು.

ಕತ್ತಲಾದ ಮೇಲೆ ಬಸ್ಸಿನಲ್ಲಿ ಚಿಕ್ಕವರು ನಿದ್ರಿಸುತ್ತಾರೆ. ಎಚ್ಚರವಾಗಿರುವ ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳುತ್ತೇವೆ. ಆತಿಥೇಯರು ಹಾಡಿದ ಗೀತೆಗಳಲ್ಲಿ ನೆನಪಿರುವಷ್ಟನ್ನು ನೋಟುಪುಸ್ತಕದ ಎಡಪುಟದಲ್ಲಿ ಕನ್ನಡ ಅಕ್ಷರಗಳಿಂದ ಬರೆದು, ಬಲಪುಟದಲ್ಲಿ ಅರ್ಥ ಬರೆಯಿರಿ. ಅನುಮಾನ ಬಂದ ಕಡೆ ಖಾಲಿ ಬಿಡಿ. ಸೋಮವಾರ ತಮಿಳು ಪಂಡಿತರಿಗೆ ತೋರಿಸಿ, ೞಕಾರ ಎಲ್ಲೆಲ್ಲಿದೆಯೆಂದು ಕೇಳಿ ಕೆಂಪು ಶಾಯಿಯಿಂದ ತಿದ್ದಿಕೊಳ್ಳಿರಿ.